ಕವಿತಾಳದ ಸುತ್ತ: ಹುಟ್ಟಿನ ಕತೆಗಳು, ಕಲ್ಲಿನ ಸಾಕ್ಷಿ

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಸಿರವಾರ ದಾಟಿದ ಮೇಲೆ ಸಿಗುವ ದೊಡ್ಡ ಊರು ಕವಿತಾಳ. ಬಹುಕಾಲ ಮಾನ್ವಿ ತಾಲೂಕಿನ ಹೋಬಳಿ ಊರಾಗಿದ್ದು, ಸಿರವಾರ ಬೇರೆ ತಾಲೂಕಾದ ಮೇಲೆ ಅದಕ್ಕೆ ಸೇರಿಕೊಂಡಿತು. ಉತ್ತರಕ್ಕೆ ದೇವದುರ್ಗ ಸೀಮೆ, ಅದರಾಚೆ ಕೃಷ್ಣೆ. ದಕ್ಷಿಣಕ್ಕೆ ಮಾನ್ವಿ, ಸಿಂಧನೂರು ದಾಟಿದರೆ ತುಂಗಭದ್ರೆ. ಎರಡೂ ಹೊಳೆಗಳ ನಡುವಿನ ಈ ನೆಲಕ್ಕೆ ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ಎರೆಹೊಲ, ಹತ್ತಿ, ತೊಗರಿ, ಬಿಳಿಜೋಳ, ನಡುನಡುವೆ ಗುಂಡುಕಲ್ಲಿನ ಬೋಳುಗುಡ್ಡ. ಇದು ಇಲ್ಲಿನ ನೋಟ.

ಶಾಲೆಯ ಪಾಠದಲ್ಲಿ ಈ ಸೀಮೆ ಬರುವುದು ಯುದ್ಧದ ಹೆಸರಿನಲ್ಲಿ. ಬಹಮನಿಯವರೂ ವಿಜಯನಗರದವರೂ ದೋಆಬಿಗಾಗಿ ಕಾದಾಡಿದರು, ಬಿಜಾಪುರದ ಆದಿಲಶಾಹಿಗಳು ಬಂದರು, ಮೊಗಲರು ಬಂದರು, ಕೊನೆಗೆ ನಿಜಾಮರು. 1853ರಲ್ಲಿ ಸಾಲದ ಬಾಬ್ತಿಗೆ ನಿಜಾಮ ಈ ದೋಆಬನ್ನು ಇಂಗ್ಲಿಷರ ಕೈಗೆ ಕೊಟ್ಟ. 1860ರಲ್ಲಿ ಅದು ಮರಳಿ ಬಂತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಇಷ್ಟು ಓದಿದ ಹುಡುಗನಿಗೆ ತನ್ನ ಊರಿನಲ್ಲಿ ಎಂದೂ ಏನೂ ನಡೆದಿಲ್ಲ, ನಡೆದದ್ದೆಲ್ಲ ಊರಿನ ಮೇಲೆ ಹಾದುಹೋದದ್ದು ಎನ್ನಿಸಿದರೆ ತಪ್ಪು ಅವನದಲ್ಲ.

ಊರ ಹಿರಿಯರನ್ನು ಕೇಳಿದರೆ ಬೇರೆಯೇ ಚರಿತ್ರೆ ತೆರೆದುಕೊಳ್ಳುತ್ತದೆ. ಭೂಮಿ ಹುಟ್ಟುವ ಮೊದಲು ಯಾರಿದ್ದರು, ಮೊದಲ ಕುರಿ ಎಲ್ಲಿಂದ ಬಂತು, ಗುಡ್ಡದ ಮೇಲಿನ ಕಲ್ಲುಮನೆ ಯಾರು ಕಟ್ಟಿದರು, ಬೂದಿಯ ದಿನ್ನೆ ಯಾವ ರಾಕ್ಷಸನ ಚಿತೆ ಎಂಬ ಪ್ರಶ್ನೆಗಳಿಗೆಲ್ಲ ಅವರಲ್ಲಿ ಉತ್ತರ ಉಂಟು. ಓದಿದವರು ಇವನ್ನು ಕಟ್ಟುಕತೆ ಎಂದು ಬದಿಗೆ ಸರಿಸುತ್ತಾರೆ. ಇನ್ನು ಕೆಲವರು ಇದೇ ನಿಜವಾದ ಇತಿಹಾಸ ಎಂದು ಸಾಧಿಸುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಕತೆಗೆ ಕೇಳುವ ಪ್ರಶ್ನೆಗಳನ್ನು ಶಾಸನಕ್ಕೂ ಕೇಳಬೇಕು, ಶಾಸನಕ್ಕೆ ಕೇಳುವ ಪ್ರಶ್ನೆಗಳನ್ನು ಕತೆಗೂ ಕೇಳಬೇಕು. ಹೇಳಿದವರು ಯಾರು, ಯಾರ ಎದುರು ಹೇಳಿದರು, ಹೇಳಿದ್ದರಿಂದ ಅವರಿಗೆ ಬಂದದ್ದೇನು, ಬಿಟ್ಟದ್ದೇನು? ಕವಿತಾಳದ ಸುತ್ತಲಿನ ನೆಲ ಈ ಪಾಠ ಕಲಿಯಲು ಹೇಳಿ ಮಾಡಿಸಿದಂತಿದೆ.

ಕೈಫಿಯತ್ತಿನ ಮೊದಲ ಪುಟ

ಊರ ಚರಿತ್ರೆ ಬರೆಯುವ ಪದ್ಧತಿ ನಮಗೆ ಹೊಸದಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಕರ್ನಲ್ ಕಾಲಿನ್ ಮೆಕೆಂಜಿ ಎಂಬ ಸರ್ವೇ ಅಧಿಕಾರಿ ತನ್ನ ಕೈಕೆಳಗಿನ ದೇಶೀ ಪಂಡಿತರನ್ನು ದಕ್ಷಿಣದ ಊರೂರಿಗೆ ಕಳಿಸಿ, ಶಾನುಭೋಗರ ಕಡತ, ಮಠದ ಬಖೈರು, ಹಿರಿಯರ ಬಾಯಿಮಾತು ಎಲ್ಲವನ್ನೂ ಬರೆಸಿದ. ಹೀಗೆ ಸಿದ್ಧವಾದ ವರದಿಗಳೇ ಕೈಫಿಯತ್ತುಗಳು. ಕನ್ನಡ ನಾಡಿಗೆ ಸೇರಿದವನ್ನು ಎಂ. ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಸಂಪಾದಿಸಿ ಕೊಟ್ಟಿದ್ದಾರೆ. ಈ ಸೀಮೆ ಆಗ ನಿಜಾಮನ ಕೈಯಲ್ಲಿತ್ತು. ಹಾಗಾಗಿ ಮೆಕೆಂಜಿಯ ಕೆಲಸ ದಟ್ಟವಾಗಿ ನಡೆದದ್ದು ಹೊಳೆಯಾಚೆ, ಕಂಪನಿಯ ಆಳ್ವಿಕೆಗೆ ಬಂದ ಬಳ್ಳಾರಿ ಕಡೆಯಲ್ಲಿ.

ಕೈಫಿಯತ್ತಿಗೆ ಒಂದು ಗೊತ್ತಾದ ಧಾಟಿ ಇದೆ. ಕೃತಯುಗದಲ್ಲೋ ತ್ರೇತಾಯುಗದಲ್ಲೋ ಇಲ್ಲಿ ಒಬ್ಬ ಋಷಿ ತಪಸ್ಸು ಮಾಡಿದ, ದೇವರು ಪ್ರತ್ಯಕ್ಷನಾದ, ಆ ಜಾಗಕ್ಕೆ ಮಹಿಮೆ ಬಂತು ಎಂದು ಮೊದಲ ಪುಟ. ಆಮೇಲೆ ಕಲಿಯುಗದ ರಾಜರ ಪಟ್ಟಿ. ಆಮೇಲೆ ಪಾಳೆಯಗಾರ, ಕೋಟೆ, ಕೆರೆ. ಕೊನೆಗೆ ಯಾವ ಹೊಲಕ್ಕೆ ಎಷ್ಟು ಕಂದಾಯ, ಯಾವ ಗುಡಿಗೆ ಎಷ್ಟು ಇನಾಮು. ನಮ್ಮ ಸಂಶೋಧಕರಲ್ಲಿ ಅನೇಕರು ಮೊದಲ ಪುಟ ಮಗುಚಿ ಕೊನೆಯ ಪುಟಕ್ಕೆ ಹೋಗುತ್ತಾರೆ. ಬರೆದವನಿಗೆ ಮಾತ್ರ ಅವೆರಡೂ ಬೇರೆಯಾಗಿರಲಿಲ್ಲ. ಕೊನೆಯ ಪುಟದ ಇನಾಮು ನಿಲ್ಲಬೇಕಾದರೆ ಮೊದಲ ಪುಟದ ಋಷಿ ಬೇಕಾಗಿತ್ತು. ಹುಟ್ಟಿನ ಕತೆ ಎಂದರೆ ಹಕ್ಕಿನ ಪತ್ರ. ಇದು ಕಣ್ಣಿಗೆ ಬಿದ್ದರೆ ಮುಂದಿನದೆಲ್ಲ ಓದಲು ಬರುತ್ತದೆ.

ಬೂದಿಯ ದಿನ್ನೆ, ರಾಕ್ಷಸನ ಚಿತೆ

ಕೃಷ್ಣಾ–ತುಂಗಭದ್ರೆಯ ಆಚೆ ಈಚೆ ಬೂದಿಯ ದಿನ್ನೆಗಳಿವೆ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯದು ಎಲ್ಲರಿಗೂ ಗೊತ್ತಿರುವುದು. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅದು ಎಂದು ಅಲ್ಲಿನವರು ಹೇಳುತ್ತ ಬಂದಿದ್ದಾರೆ. ಹಂಪಿಯ ಬಳಿ ನಿಂಬಾಪುರದ ದಿನ್ನೆಯಾದರೆ ವಾಲಿಯ ಚಿತೆ. ಕತೆ ಹುಟ್ಟಿದ್ದಕ್ಕೆ ಕಾರಣ ಸ್ಪಷ್ಟ. ದಿನ್ನೆ ಅಗೆದರೆ ಪದರ ಪದರವಾಗಿ ಬೂದಿ, ಅದರ ನಡುವೆ ಕರಗಿ ಗಟ್ಟಿಯಾದ ಕಿಟ್ಟ. ಮನುಷ್ಯನೊಬ್ಬನನ್ನು ಸುಟ್ಟರೆ ಇಷ್ಟು ಬೂದಿ ಆಗದು, ಸುಟ್ಟದ್ದು ರಾಕ್ಷಸನನ್ನೇ ಇರಬೇಕು. ಕಣ್ಣಿಗೆ ಕಂಡದ್ದನ್ನು ಅಳತೆ ಮಾಡಿ ಹೇಳಿದ ಉತ್ತರ ಅದು.

ಹತ್ತೊಂಬತ್ತನೆಯ ಶತಮಾನದಿಂದ ವಿದ್ವಾಂಸರೂ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡರು. ಜ್ವಾಲಾಮುಖಿಯೇ, ಕಬ್ಬಿಣ ಕರಗಿಸಿದ ಕುಲುಮೆಯೇ, ಸಾಮೂಹಿಕ ದಹನವೇ ಎಂದು ಚರ್ಚೆ ನಡೆಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದು ಗುರುತಿಸಿದ. 1957ರಲ್ಲಿ ಎಫ್. ಆರ್. ಆಲ್ಚಿನ್ ಕೃಷ್ಣೆಯಾಚೆ ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿನ್ನೆ ಅಗೆದಾಗ ಗೂಟ ನೆಟ್ಟ ದೊಡ್ಡಿಯ ಗುರುತು, ಬೂದಿಯ ನಡುವೆ ದನದ ಗೊರಸಿನ ಅಚ್ಚು ಸಿಕ್ಕವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ವರ್ಷಗಟ್ಟಲೆ ಉತ್ಖನನ ನಡೆಸಿ, ದನದ ದೊಡ್ಡಿಯೂ ಜನರ ವಸತಿಯೂ ಒತ್ತಿನಲ್ಲೇ ಇದ್ದುದನ್ನು ತೋರಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ದನಗಾಹಿಗಳು ದೊಡ್ಡಿ ಕಟ್ಟಿದ್ದರು, ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರು ಎಂಬುದು ಈಗ ಒಪ್ಪಿತವಾದ ಮಾತು. ಯಾಕೆ ಇಟ್ಟರು ಎಂಬುದಕ್ಕೆ ಆಲ್ಚಿನ್ ಹೋಳಿ, ದೀಪಾವಳಿ, ಸಂಕ್ರಾಂತಿಯ ಬೆಂಕಿಗಳ ಕಡೆ ಕೈ ತೋರಿಸಿದ. ಋತು ತಿರುಗುವಾಗ ದನಗಳಿಗಾಗಿ ಹಚ್ಚಿದ ಬೆಂಕಿ ಎಂಬುದು ಅವನ ಊಹೆ. ಅಲ್ಲಿಗೆ ಪುರಾತತ್ವಜ್ಞನೂ ಆಚರಣೆಯ ಬಾಗಿಲಿಗೇ ಬಂದು ನಿಂತಂತಾಯಿತು.

ಕವಿತಾಳಕ್ಕೆ ಹತ್ತಿರದ ವಟಗಲ್ಲಿನಲ್ಲೂ ಇದೇ ನವಶಿಲಾಯುಗದ ನೆಲೆಯೊಂದಿದೆ. ಕರ್ನಾಟಕದ ಮತ್ತು ಅಮೆರಿಕದ ಪುರಾತತ್ವಜ್ಞರು ಕೂಡಿ ಅಗೆದು, 1995ರಲ್ಲಿ ಅದರ ಮಧ್ಯಂತರ ವರದಿ ಪ್ರಕಟಿಸಿದರು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಿಂದಲೇ ಅಲ್ಲಿ ಜನ ಬಾಳಿದ್ದರು. ಮುದಗಲ್ ಬಳಿಯ ಪಿಕಳಿಹಾಳ, ನೈಋತ್ಯದ ಮಸ್ಕಿ ಇವೂ ಇದೇ ಸಾಲಿನವು. ದಕ್ಷಿಣದ ಇಂಥ ನೆಲೆಗಳಲ್ಲಿ ದನ, ಕುರಿ, ಮೇಕೆಯ ಎಲುಬು ಸಿಗುತ್ತದೆ. ಹುರುಳಿ, ಹೆಸರು, ಕಿರುಧಾನ್ಯದ ಸುಟ್ಟ ಕಾಳು ಸಿಗುತ್ತದೆ. ಇಂದಿಗೂ ಈ ಭಾಗದ ಅಡುಗೆಮನೆಯಲ್ಲಿ ಹುರುಳಿ, ಹೆಸರು ಬೇಯುತ್ತವೆ. ಊರಿಗೆ ಚರಿತ್ರೆ ಇಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹುತ್ತದಿಂದ ಹೊರಟ ಕುರಿ

ಕುರಿ ಕಾಯುವ ಹಾಲುಮತದವರ ಪುರಾಣದಲ್ಲಿ ಕುರಿಯ ಹುಟ್ಟಿನ ಕತೆ ಇದೆ. ಹಾಡುವವರು ಬದಲಾದಂತೆ ಹೆಸರು, ವಿವರ ಬದಲಾಗುತ್ತವೆ. ತಿರುಳು ಇಷ್ಟು. ಒಕ್ಕಲುತನದ ಮನೆಯಲ್ಲಿ ಶಿವನ ವರದಿಂದ ಕೊನೆಯ ಮಗ ಹುಟ್ಟುತ್ತಾನೆ. ಅಣ್ಣಂದಿರು ಹೊಲ ಗೇಯುತ್ತಾರೆ, ಇವನು ಉಂಡಾಡಿ. ಆತನ ಹೆಸರೇ ಉಂಡಾಡಿ ಪದ್ಮಣ್ಣ, ಕೆಲವು ಕಡೆ ಪದ್ಮಗೊಂಡ. ಒಂದು ದಿನ ಅಣ್ಣಂದಿರ ಒತ್ತಾಯಕ್ಕೆ ಹೊಲಕ್ಕೆ ಹೋಗಿ ಹುತ್ತಕ್ಕೆ ಕೈ ಹಾಕುತ್ತಾನೆ. ಹುತ್ತ ಒಡೆದು ಕುರಿಗಳು ಹೊರಡುತ್ತವೆ. ಹೊಲ ತುಂಬಿ ಹರಿದರೂ ನಿಲ್ಲವು. ಹೆದರಿದ ಪದ್ಮಣ್ಣನಿಗೆ ಶಿವ ಇವನ್ನು ಕಾಯುವುದೇ ನಿನ್ನ ಕಾಯಕ ಎನ್ನುತ್ತಾನೆ. ಅಂದಿನಿಂದ ಅವನು ಕಾಡು ಹಿಡಿದ.

ಈ ಕತೆಯಲ್ಲಿ ಇಸವಿ ಇಲ್ಲ. ಆದರೆ ಒಂದು ಸಂಬಂಧ ಇದೆ. ಉಳುವವನೂ ಕಾಯುವವನೂ ಒಂದೇ ತಾಯ ಮಕ್ಕಳು. ಕುರಿ ಹುಟ್ಟಿದ್ದು ಕಾಡಿನಲ್ಲಲ್ಲ, ಉಳುವ ಹೊಲದ ಹುತ್ತದಲ್ಲಿ. ಎರೆಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ, ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಈ ಕೊಳುಕೊಡೆಗೆ ಕಾಗದಪತ್ರ ಇಲ್ಲ. ಕತೆ ಅದನ್ನು ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ ಹೇಳುತ್ತದೆ.

ಶಂಬಾ ಜೋಶಿಯವರು 1960ರ ‘ಹಾಲುಮತ ದರ್ಶನ’ದಲ್ಲಿ ಇಂಥ ಕತೆಗಳನ್ನು ಹಿಡಿದು ಕನ್ನಡ ನೆಲದ ಪಶುಪಾಲಕರ ಹಳೆಯ ಬದುಕನ್ನು ಹುಡುಕಿದರು. ಪುರಾಣವನ್ನು ಸಾಕ್ಷಿಯಾಗಿ ಓದುವ ಧೈರ್ಯವನ್ನು ಕನ್ನಡದಲ್ಲಿ ಅಷ್ಟು ಗಟ್ಟಿಯಾಗಿ ತೋರಿಸಿದವರು ಕಡಿಮೆ. ಆದರೂ ಒಂದು ಎಚ್ಚರ ಬೇಕು. ವಟಗಲ್ಲಿನಲ್ಲಿ ಮೇಕೆ, ಕುರಿ ಸಾಕಿದವರೇ ಇಂದಿನ ಹಾಲುಮತದವರ ನೇರ ಪೂರ್ವಜರು ಎಂದು ಗೆರೆ ಎಳೆಯಲು ಬರುವುದಿಲ್ಲ. ನಡುವೆ ನಾಲ್ಕು ಸಾವಿರ ವರ್ಷ ಇವೆ. ಜನ ಬಂದಿದ್ದಾರೆ, ಹೋಗಿದ್ದಾರೆ, ಬೆರೆತಿದ್ದಾರೆ. ಎಲುಬು ಹೇಳುವುದು ಇಲ್ಲಿ ಕುರಿ ಎಂದಿನಿಂದ ಇದೆ ಎಂಬುದನ್ನು. ಕತೆ ಹೇಳುವುದು ಕುರಿ ಕಾಯುವವನು ತನ್ನನ್ನು ಏನೆಂದು ತಿಳಿದಿದ್ದಾನೆ ಎಂಬುದನ್ನು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ.

ಭೂಮಿಗಿಂತ ಮೊದಲು ಹುಟ್ಟಿದವನು

ಕನ್ನಡ–ತೆಲುಗು ಗಡಿಸೀಮೆಯ ಮಾದಿಗ ಸಮುದಾಯದ ಜಾಂಬಪುರಾಣ ಇನ್ನೂ ಹಿಂದಕ್ಕೆ ಹೋಗುತ್ತದೆ. ಇದನ್ನು ಹೇಳುವವರು ದಕ್ಕಲರು. ಮಾದಿಗರ ಮನೆಗಳಲ್ಲಿ ಮಾತ್ರ ಬೇಡುವ ಹಕ್ಕು ಅವರದು, ಆ ಮನೆತನಗಳ ಕುಲಕತೆ ಹೇಳುವ ಹೊಣೆಯೂ ಅವರದೇ. ಮೊದಲು ನೀರೇ ನೀರು. ಆದಿಶಕ್ತಿ ಮೊಟ್ಟೆ ಇಡುತ್ತಾಳೆ, ಅದರಿಂದ ಬ್ರಹ್ಮ, ವಿಷ್ಣು, ಮಹೇಶ್ವರರು ಹುಟ್ಟುತ್ತಾರೆ. ಜಾಂಬವ ಮುನಿ ಮಾತ್ರ ಭೂಮಿಗಿಂತ ಆರು ತಿಂಗಳು ಮೊದಲೇ ಹುಟ್ಟಿದವನು. ದೇವತೆಗಳು ಹುಟ್ಟಿದ್ದನ್ನು ನೋಡಿದವನು. ಅವನೇ ತಮ್ಮ ಮೂಲಪುರುಷ ಎನ್ನುತ್ತದೆ ಪುರಾಣ.

ಶಾಸನಗಳಲ್ಲಿ ದಾನ ಕೊಟ್ಟವರ ಹೆಸರು ಇರುತ್ತದೆ, ಪಡೆದವರ ಹೆಸರು ಇರುತ್ತದೆ. ದಾನ ಹೋದ ಹೊಲದಲ್ಲಿ ದುಡಿದವರ ಹೆಸರು ಅಪರೂಪ. ತೊಗಲು ಹದ ಮಾಡಿ ಮಿಣಿ, ಬಾರುಕೋಲು, ಕಪಿಲೆಯ ಚೀಲ ಹೊಲಿದುಕೊಟ್ಟವರ ಕೈ ಇಲ್ಲದೆ ಒಕ್ಕಲುತನ ಒಂದು ದಿನವೂ ನಡೆಯುತ್ತಿರಲಿಲ್ಲ. ಆ ಜನರನ್ನು ಊರ ಹೊರಗಿಟ್ಟ ಸಮಾಜಕ್ಕೆ ಅವರು ಕೊಟ್ಟ ಉತ್ತರ ಈ ಪುರಾಣ: ನಾವು ಕೊನೆಯವರಲ್ಲ, ಮೊದಲನೆಯವರು. ಇಸವಿ ಹುಡುಕುವವನಿಗೆ ಇದರಲ್ಲಿ ಏನೂ ಸಿಗದು. ಊರಿನಲ್ಲಿ ಯಾರನ್ನು ಯಾರು ಹೇಗೆ ಕಂಡರು, ಅದನ್ನು ಕೆಳಗಿದ್ದವರು ಹೇಗೆ ಒಪ್ಪದೆ ಉಳಿದರು ಎಂದು ಹುಡುಕುವವನಿಗೆ ಇಂಥ ಸಾಕ್ಷಿ ಮತ್ತೊಂದಿಲ್ಲ. ಕೆ. ಬಿ. ಸಿದ್ದಯ್ಯನವರ ‘ದಕ್ಲಕಥಾ ದೇವಿಕಾವ್ಯ’ ಇದೇ ಪರಂಪರೆಯನ್ನು ಆಧುನಿಕ ಕನ್ನಡ ಕಾವ್ಯಕ್ಕೆ ತಂದಿತು, ಈಚೆಗೆ ಅದು ರಂಗದ ಮೇಲೂ ಬಂದಿದೆ.

ಗುಡ್ಡದ ಮೇಲಿನ ಕಲ್ಲುಮನೆಗಳದೂ ಇಂಥದೇ ಸಂಗತಿ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನಲ್ಲಿ ನೂರಾರು ಇವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಗೆ ದುಂಡನೆಯ ಕಿಂಡಿ ಕೊರೆದ ಪುಟ್ಟ ಕೋಣೆಗಳು. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಗೇಣುದ್ದದ ಜನ, ಆದರೆ ಬಂಡೆ ಎತ್ತುವಷ್ಟು ಬಲ. ಬೆಂಕಿಯ ಮಳೆ ಬಿದ್ದಾಗ ಎಲ್ಲರೂ ಸತ್ತುಹೋದರು ಎಂದು ಕತೆ. ಸುರಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಕುಳ್ಳರ ಕತೆಯನ್ನು ಬರೆದಿಟ್ಟಿದ್ದಾನೆ. ಅವು ಬೃಹತ್ ಶಿಲಾಯುಗದವರ ಸಮಾಧಿ ಸ್ಮಾರಕಗಳು ಎಂಬುದು ಪುರಾತತ್ವದ ಮಾತು. ಕತೆ ಕಟ್ಟಿದವರು ಒಂದನ್ನು ಸರಿಯಾಗಿಯೇ ಕಂಡಿದ್ದರು. ಇದನ್ನು ಕಟ್ಟಿದವರು ನಾವಲ್ಲ, ನಮಗಿಂತ ಮೊದಲು ಇಲ್ಲಿ ಬೇರೆ ಜನ ಇದ್ದರು ಎಂಬುದನ್ನು.

ಮಸ್ಕಿಯ ಬಂಡೆ

ಈಗ ಕಲ್ಲಿನ ಕಡೆ ಬರೋಣ. ಕವಿತಾಳದಿಂದ ನೈಋತ್ಯಕ್ಕೆ ಹೊರಟರೆ ಮಸ್ಕಿ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಗುಡ್ಡದ ಬಂಡೆಯಲ್ಲಿ ಅಕ್ಷರ ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ ಅಶೋಕನ ಹೆಸರು ಇತ್ತು.

ಇದು ಯಾಕೆ ದೊಡ್ಡ ಸುದ್ದಿಯಾಯಿತು ಎಂಬುದರಲ್ಲೇ ನಮ್ಮ ವಿಷಯ ಅಡಗಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದಾಗ ಶಾಸನಗಳಲ್ಲಿ ಸಿಕ್ಕದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅವನು ಯಾರು ಎಂಬುದಕ್ಕೆ ಉತ್ತರ ಬಂದದ್ದು ಸಿಂಹಳದ ಬೌದ್ಧ ವಂಶಕಥೆಗಳಿಂದ. ಜಾರ್ಜ್ ಟರ್ನರ್ ‘ದೀಪವಂಶ’ದಲ್ಲಿ ಪ್ರಿಯದರ್ಶಿ ಎಂದರೆ ಅಶೋಕ ಎಂಬ ಸುಳಿವು ಕಂಡ. ಆ ವಂಶಕಥೆಗಳಲ್ಲಿ ಬುದ್ಧ ಆಕಾಶಮಾರ್ಗವಾಗಿ ಲಂಕೆಗೆ ಬರುತ್ತಾನೆ, ಯಕ್ಷರನ್ನು ಓಡಿಸುತ್ತಾನೆ. ಪವಾಡ ತುಂಬಿದ ಪುಸ್ತಕ ಎಂದು ಅದನ್ನು ತೆಗೆದಿಟ್ಟಿದ್ದರೆ ಪ್ರಿಯದರ್ಶಿಯ ಗುಟ್ಟು ಅಷ್ಟು ಬೇಗ ಬಿಚ್ಚುತ್ತಿರಲಿಲ್ಲ. ಸುಮಾರು ಎಂಟು ದಶಕ ಅನುಮಾನವಾಗಿ ಉಳಿದದ್ದನ್ನು ಮಸ್ಕಿಯ ಬಂಡೆ ಖಚಿತ ಮಾಡಿತು. ಕತೆ ದಾರಿ ತೋರಿಸಿತು, ಕಲ್ಲು ಮುದ್ರೆ ಒತ್ತಿತು.

ಆ ಬಂಡೆಯ ಮೇಲೆ ಬರೆದದ್ದೇನು ಎಂದೂ ನೋಡಬೇಕು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು ಎನ್ನುತ್ತಾನೆ ರಾಜ. ಮೊದಲು ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರೊಂದಿಗೆ ಬೆರೆತಿರಲಿಲ್ಲ, ಈಗ ಬೆರೆತಿದ್ದಾರೆ, ಇದು ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆಯುವ ಸಣ್ಣವನಿಗೂ ಸಾಧ್ಯ ಎಂಬ ಅರ್ಥದ ಮಾತು ಬರುತ್ತದೆ. ಭಾರತದ ಚರಿತ್ರೆಯ ಗಟ್ಟಿ ದಾಖಲೆ ಎಂದು ನಾವು ಎತ್ತಿ ತೋರಿಸುವ ಕಲ್ಲಿನಲ್ಲೇ ದೇವತೆಗಳು ಭೂಮಿಗೆ ಇಳಿದ ಸುದ್ದಿ ಇದೆ. ದಾಖಲೆ ಒಂದು ಕಡೆ, ಪುರಾಣ ಒಂದು ಕಡೆ ಎಂದು ಗೋಡೆ ಕಟ್ಟುವವರು ಈ ಬಂಡೆಯ ಎದುರು ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ರಾಜನಿಗೆ ಈ ಸೀಮೆಯಲ್ಲಿ ಏನು ಕೆಲಸ ಎಂಬುದಕ್ಕೆ ಸುತ್ತಲಿನ ನೆಲ ಉತ್ತರ ಹೇಳುತ್ತದೆ. ಹಟ್ಟಿಯ ಚಿನ್ನದ ಗಣಿ ಇಲ್ಲಿಗೆ ದೂರವಲ್ಲ. ಈ ಕಾಲದ ಗಣಿಗಾರರು ಇಳಿದಾಗ ಅವರಿಗಿಂತ ಮೊದಲೇ ಯಾರೋ ಸುಮಾರು 640 ಅಡಿ ಆಳದವರೆಗೆ ತೋಡಿದ್ದು ಕಂಡಿತು. ಬಂಡೆಗೆ ಬೆಂಕಿ ಇಟ್ಟು ಕಾಯಿಸಿ ಸೀಳಿದ ಗುರುತು, ಇದ್ದಿಲು, ಆಸರೆಗೆ ಕೊಟ್ಟ ಮರದ ತೊಲೆ ಸಿಕ್ಕವು. ಆ ಮರದ ಇಂಗಾಲ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಕಾಲ ತೋರಿಸಿತು. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ, ಅಂದರೆ ಅಶೋಕನ ದಕ್ಷಿಣದ ಆಡಳಿತ ಕೇಂದ್ರ, ಮಸ್ಕಿಯೇ ಎಂದು ಕೆಲವರೂ ಕನಕಗಿರಿ ಎಂದು ಕೆಲವರೂ ವಾದಿಸಿದ್ದಾರೆ. ಗಣಿಯ ಕತ್ತಲಲ್ಲಿ ಬೆಂಕಿ ಇಟ್ಟವರ ಹೆಸರನ್ನು ಬಂಡೆಯ ಶಾಸನ ಹೇಳುವುದಿಲ್ಲ.

ಇಬ್ಬರೂ ಗೆದ್ದ ಯುದ್ಧ

ಕಲ್ಲಿನ ಮೇಲೆ ಇದೆ ಎಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಸ್ಕಿಗೆ ಪಿರಿಯ ಮೊಸಂಗಿ ಎಂಬ ಹೆಸರಿತ್ತು. ಸುಮಾರು 1021ರಲ್ಲಿ ಮುಯಂಗಿ ಎಂಬಲ್ಲಿ ಚಾಲುಕ್ಯ ಜಯಸಿಂಹನನ್ನು ಬೆನ್ನು ತೋರಿಸಿ ಓಡುವಂತೆ ಮಾಡಿದೆ ಎಂದು ರಾಜೇಂದ್ರ ಚೋಳನ ತಮಿಳು ಶಾಸನಗಳು ಹೊಗಳಿಕೊಳ್ಳುತ್ತವೆ. ಆ ಮುಯಂಗಿ ಈ ಮಸ್ಕಿಯೇ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಜಯಸಿಂಹನ 1024ರ ಮೀರಜ್ ತಾಮ್ರಪಟ ನೋಡಿದರೆ ಚೋಳನನ್ನು ಓಡಿಸಿದವನು ತಾನು! ಇಬ್ಬರೂ ಗೆದ್ದರು. ಸೋತದ್ದು ಪೈರು ತುಳಿಸಿಕೊಂಡ ಈ ಸೀಮೆಯ ರೈತ ಎಂದುಕೊಂಡರೆ ಹೆಚ್ಚು ತಪ್ಪಾಗದು. ಜಯಸಿಂಹನ ಶಾಸನಗಳು ಆಮೇಲೂ ಇದೇ ಸೀಮೆಯಲ್ಲಿ ಸಿಗುವುದರಿಂದ ನೆಲ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ಹೇಳಬಹುದು. ಬಿರುದುಗಳನ್ನು ನಂಬುವುದಕ್ಕಿಂತ ಶಾಸನ ಸಿಕ್ಕ ಜಾಗವನ್ನು ನಂಬುವುದು ಮೇಲು.

ಇದೇ ಚಾಲುಕ್ಯರು ತಮ್ಮ ಹುಟ್ಟಿನ ಕತೆಯನ್ನೂ ತಾಮ್ರದ ಮೇಲೆ ಕೊರೆಸಿದರು. ಐದನೆಯ ವಿಕ್ರಮಾದಿತ್ಯನ 1009ರ ಕೌಠೇಂ ತಾಮ್ರಪಟದ ಪ್ರಕಾರ ಅವರ ವಂಶದ 59 ರಾಜರು ಅಯೋಧ್ಯೆಯಲ್ಲಿ ಆಳಿದರು, ಬಳಿಕ 16 ಮಂದಿ ದಕ್ಷಿಣಕ್ಕೆ ಬಂದು ಆಳಿದರು. ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ವಂಶದ ಮೂಲಪುರುಷನನ್ನು ಬ್ರಹ್ಮನ ಬೊಗಸೆಯ ನೀರಿನಿಂದ ಎಬ್ಬಿಸಿದ. ಹುತ್ತದಿಂದ ಕುರಿ ಬಂದದ್ದು ಕಟ್ಟುಕತೆಯಾದರೆ ಬೊಗಸೆಯಿಂದ ಚಕ್ರವರ್ತಿ ಬಂದದ್ದು ಏನು? ಒಂದನ್ನು ಕಂಬಳಿ ಹೊದ್ದವನು ಡೊಳ್ಳು ಬಾರಿಸಿ ಹೇಳಿದ, ಇನ್ನೊಂದನ್ನು ಕಾಶ್ಮೀರದ ಪಂಡಿತ ಸಂಸ್ಕೃತದಲ್ಲಿ ಹೇಳಿದ. ವ್ಯತ್ಯಾಸ ಅಷ್ಟೇ.

ಊರಿನ ದಾನಶಾಸನವನ್ನು ಹತ್ತಿರದಿಂದ ನೋಡಿದರೂ ಇದೇ ಬೆರಕೆ ಕಾಣುತ್ತದೆ. ಮೇಲ್ಭಾಗದಲ್ಲಿ ನಡುವೆ ಲಿಂಗ, ಪಕ್ಕದಲ್ಲಿ ಹಸು ಮತ್ತು ಕರು, ಮೇಲೆ ಸೂರ್ಯ ಚಂದ್ರ. ಕೆಳಗೆ ಆಳುವ ಚಕ್ರವರ್ತಿಯ ಬಿರುದು, ಸಾಮಂತನ ಬಿರುದು, ಶಕವರ್ಷ, ಸಂವತ್ಸರ, ತಿಥಿ, ವಾರ, ಗ್ರಹಣವಿದ್ದರೆ ಅದೂ. ಆಮೇಲೆ ಇಷ್ಟು ಮತ್ತರು ಭೂಮಿ, ಅದರ ನಾಲ್ಕು ಎಲ್ಲೆ, ಗಾಣಕ್ಕೆ ಇಷ್ಟು ಎಣ್ಣೆ. ಕೊನೆಗೆ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಎಲ್ಲೆಕಲ್ಲು, ಎಣ್ಣೆಯ ಅಳತೆ ಅಪ್ಪಟ ಲೆಕ್ಕಪತ್ರ. ಆ ಲೆಕ್ಕ ಎಲ್ಲಿಯವರೆಗೆ ನಡೆಯಬೇಕು? ಸೂರ್ಯ ಚಂದ್ರರು ಇರುವವರೆಗೆ. ಹೊಲದ ಪತ್ರಕ್ಕೆ ಸೃಷ್ಟಿಯೇ ಸಾಕ್ಷಿ.

ರಾಯಚೂರು ಕೋಟೆಯಲ್ಲಿ ಮತ್ತೊಂದು ಬಗೆಯ ಸಾಕ್ಷಿ ಇದೆ. 41 ಅಡಿ ಉದ್ದದ ಒಂದೇ ಚಪ್ಪಡಿ, ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ಕೈಕೆಳಗಿನ ವಿಠಲನಾಥ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅಲ್ಲಿಯೇ ಗೋಡೆಯಲ್ಲಿ ಆ ಚಪ್ಪಡಿಯನ್ನು ಬಂಡಿಯ ಮೇಲೆ ಹೇರಿ, ಸಾಲುಸಾಲು ಜಾನುವಾರು ಕಟ್ಟಿ ಎಳೆಯುತ್ತಿರುವ ಚಿತ್ರ ಕೊರೆದಿದ್ದಾರೆ. ಇಂಥ ಕಲ್ಲು ಕಂಡಾಗ ಇದು ಮನುಷ್ಯರ ಕೆಲಸವಲ್ಲ ಎನ್ನುವುದು ಜನರ ವಾಡಿಕೆ. ಇಲ್ಲಿ ಕಟ್ಟಿದವರೇ ಹಾಗೆ ಹೇಳಲು ಎಡೆ ಬಿಡದೆ, ಎಳೆದದ್ದು ಹೇಗೆ ಎಂದು ತೋರಿಸಿಬಿಟ್ಟಿದ್ದಾರೆ.

1520ರ ರಾಯಚೂರು ಯುದ್ಧದ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಕೃಷ್ಣದೇವರಾಯನ ಸೈನ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಾಲಾಳು, 32,600 ಕುದುರೆ, 551 ಆನೆ ಇದ್ದವೆಂದು ಬರೆದ. ಬಿಜಾಪುರದ ಆಶ್ರಯದಲ್ಲಿದ್ದ ಫೆರಿಶ್ತಾ ಇಸ್ಮಾಯಿಲ್ ಆದಿಲಶಾಹ ಅಮಲಿನಲ್ಲಿ ಹೊಳೆಗೆ ಆನೆ ಇಳಿಸಿದ್ದೇ ಸೋಲಿಗೆ ಕಾರಣ ಎಂದ. ಏಳು ಲಕ್ಷ ಜನರಿಗೆ ಈ ಬರದ ಸೀಮೆಯಲ್ಲಿ ನೀರು ಎಲ್ಲಿತ್ತು ಎಂದು ಇಲ್ಲಿನ ಬೇಸಿಗೆ ಕಂಡ ಯಾವ ರೈತನೂ ಕೇಳಬಲ್ಲ. ಊರವನ ಅನುಭವವೂ ಚರಿತ್ರೆಯ ಒಂದು ಒರೆಗಲ್ಲು ಎಂಬುದು ಇದಕ್ಕೇ.

ಜೋಳದ ರೊಟ್ಟಿ, ನಲವತ್ತು ವರ್ಷ

ಮಾನ್ವಿ ಸೀಮೆ ದಾಸರ ಸೀಮೆಯೂ ಹೌದು. ಚೀಕಲಪರ್ವಿ ವಿಜಯದಾಸರದು, ದೇವದುರ್ಗ ಕಡೆಯ ಮೊಸರಕಲ್ಲು ಗೋಪಾಲದಾಸರದು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು ‘ಹರಿಕಥಾಮೃತಸಾರ’ದ ಜಗನ್ನಾಥದಾಸರು. ಅವರು ದಾಸರಾದ ಕತೆ ಇಲ್ಲಿ ಎಲ್ಲರ ಬಾಯಲ್ಲಿದೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪವೇ ನಿಜವಾಯಿತು. ಪ್ರಾಣಕ್ಕೆ ಬಂದಾಗ ಗೋಪಾಲದಾಸರ ಬಳಿ ಹೋದರು, ಅವರು ತಮ್ಮ ಆಯುಸ್ಸಿನ ನಲವತ್ತು ವರ್ಷವನ್ನು ಜೋಳದ ರೊಟ್ಟಿಯಲ್ಲಿಟ್ಟು ಕೊಟ್ಟರು.

ಆಯುಸ್ಸು ರೊಟ್ಟಿಯಲ್ಲಿ ದಾಟಿತೇ ಎಂದು ವಾದ ಹೂಡಿದರೆ ಕತೆ ಕೈತಪ್ಪುತ್ತದೆ. ಕನ್ನಡದಲ್ಲಿ ಹಾಡುವವನ ಮನೆಯ ಊಟ ಸಂಸ್ಕೃತ ಪಂಡಿತನಿಗೆ ಬೇಡವಾಗಿತ್ತು ಎಂಬ ಹದಿನೆಂಟನೆಯ ಶತಮಾನದ ಸಾಮಾಜಿಕ ಸತ್ಯ ಇದರಲ್ಲಿದೆ. ಕೊನೆಗೆ ಗೆದ್ದದ್ದು ಯಾವ ಭಾಷೆ ಎಂಬ ತೀರ್ಪೂ ಇದರಲ್ಲಿದೆ. ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಅವರ ಕನ್ನಡ ಕೃತಿ ಇಂದಿಗೂ ಮನೆಮನೆಯಲ್ಲಿ ಪಾರಾಯಣ ಆಗುತ್ತಿದೆ.

ಮಾಡಬೇಕಾದ ಕೆಲಸ

ರಾಯಚೂರು ಜಿಲ್ಲೆಯ ಶಾಸನಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಪುಟವಾಗಿ ಹೊರತಂದಿದೆ. ಅದನ್ನು ತೆರೆದು ತಮ್ಮ ಊರಿನ ಕಲ್ಲು ಅದರಲ್ಲಿ ಇದೆಯೇ ಎಂದು ನೋಡುವುದು ಕವಿತಾಳದ ಯಾವ ಶಾಲೆಯ ಮೇಷ್ಟ್ರಿಗೂ ಒಂದು ಮಧ್ಯಾಹ್ನದ ಕೆಲಸ. ಇಲ್ಲದ್ದು ಕಂಡರೆ ಪಡಿಯಚ್ಚು ತೆಗೆಯುವವರನ್ನು ಕರೆಸಬೇಕು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಆರುತ್ತಿರುವಾಗ ಮಸಿಯ ಉಂಡೆ ಒತ್ತುವ ಕೆಲಸ ಅದು. ಅಲ್ಲಿಯವರೆಗೆ ಮೊಬೈಲಿನಲ್ಲಿ ಫೋಟೋ ಸಾಕು. ಎಳೆಬಿಸಿಲಿನಲ್ಲೋ ಇಳಿಬಿಸಿಲಿನಲ್ಲೋ, ಬೆಳಕು ಓರೆಯಾಗಿ ಬೀಳುವಾಗ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ, ಆಯಿಲ್ ಪೇಂಟು ಬಳಿಯಬೇಡಿ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಟೈಲ್ಸ್ ಕೂರಿಸಬೇಡಿ. ನಿಧಿಯ ಆಸೆಗೆ ದಿನ್ನೆ ಅಗೆಯುವವರು ಕಂಡರೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ದಿನ್ನೆಯಲ್ಲಿ ಬಂಗಾರ ಇರುವುದಿಲ್ಲ, ಸುಟ್ಟ ಹುರುಳಿ ಇರುತ್ತದೆ, ಚರಿತ್ರೆಗೆ ಅದೇ ಬಂಗಾರ.

ಕಲ್ಲಿಗಿಂತ ಅವಸರದ್ದು ಬಾಯಿಮಾತು. ಕಲ್ಲು ಇನ್ನೂ ನೂರು ವರ್ಷ ಕಾಯಬಹುದು, ಎಂಬತ್ತು ದಾಟಿದ ಅಜ್ಜಿ ಕಾಯಲಾರಳು. ಡೊಳ್ಳಿನ ಹಾಡಿನವರು, ದಕ್ಕಲರು, ಮೊಹರಮ್ಮಿನಲ್ಲಿ ರಿವಾಯತ್ ಹಾಡುವವರು, ದಾಸರ ಕತೆ ಬಲ್ಲವರು ಈಗಲೂ ಈ ಸೀಮೆಯಲ್ಲಿದ್ದಾರೆ. ಅವರ ಮಾತನ್ನು ರೆಕಾರ್ಡ್ ಮಾಡುವಾಗ ಹೇಳಿದವರ ಹೆಸರು, ಕೇರಿ, ತಾರೀಖು, ಯಾರಿಂದ ಕಲಿತರು ಎಂಬುದನ್ನು ತಪ್ಪದೆ ಬರೆದಿಡಿ. ಒಂದೇ ಕತೆಯನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಯಾವುದು ಸರಿ ಎಂದು ತೀರ್ಪು ಕೊಡಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಜಯಸಿಂಹ, ರಾಜೇಂದ್ರರ ಇಬ್ಬಗೆಯ ಮಾತನ್ನು ಸಾವಿರ ವರ್ಷದಿಂದ ಇಟ್ಟುಕೊಂಡು ಬಂದಿರುವ ನಮಗೆ ಇಬ್ಬರು ಅಜ್ಜಿಯರ ಮಾತು ಭಾರವಾಗಬೇಕಿಲ್ಲ. ಕವಿತಾಳದ ಚರಿತ್ರೆಯನ್ನು ಹೊರಗಿನವರು ಬಂದು ಬರೆಯಲಿ ಎಂದು ಕಾಯುವುದು ಸಾಕು. ಊರಿನವರೇ ಬರೆಯಲಿ. ಬರೆಯುವಾಗ ಕೈಫಿಯತ್ತಿನ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಒಂದೇ ಗಂಟಿನಲ್ಲಿ ಕಟ್ಟಲಿ.